ಮೊದಲು ಊಹೆ, ಆಮೇಲೆ ಅಂಕಿ

ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ವಿಷಯಕ್ಕೆ ಒಂದು ವಿಚಿತ್ರ ಕಷ್ಟ ಇದೆ. ಮದುವೆ, ಜಾತಿ, ಕುಟುಂಬ, ವಲಸೆ ಎಲ್ಲವೂ ಮಕ್ಕಳಿಗೆ ಮನೆಯಲ್ಲೇ ಗೊತ್ತಿರುವ ಸಂಗತಿ. "ಇದ್ರಲ್ಲಿ ಕಲಿಯೋದೇನಿದೆ?" ಅನ್ನುವ ಮುಖ ಮಾಡಿಕೊಂಡೇ ಕೂತಿರುತ್ತಾರೆ. ಪ್ರೊಜೆಕ್ಟರ್ ಹಾಕಿ ಬಣ್ಣದ ಚಾರ್ಟ್ ತೋರಿಸಿದರೆ ಮೊಬೈಲ್ ತೆಗೆದು ಒಂದು ಫೋಟೊ ಹೊಡೆದುಕೊಳ್ಳುತ್ತಾರೆ. ನೋಟ್ಸ್ ಬರೆಯುವ ಕೆಲಸ ತಪ್ಪಿತಲ್ಲ ಅಂತ ಖುಷಿ, ಅಷ್ಟೇ.

ಅದಕ್ಕೇ ನಾನು ಅಂಕಿ ತೋರಿಸುವ ಮೊದಲು ಊಹೆ ಬರೆಸುತ್ತೇನೆ. ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲ್ ಸಾಕು.

2023ರ ಫೆಬ್ರವರಿಯಲ್ಲಿ ನಮ್ಮ ಕಡೆಯ ಮದುವೆಯಾಗದ ಯುವಕರು, ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಂಡು ಹೋದರು. ಬ್ರಹ್ಮಚಾರಿಗಳ ಪಾದಯಾತ್ರೆ ಅಂತಲೇ ಹೆಸರಾಯಿತು. ಕ್ಲಾಸಿನಲ್ಲಿ ಇದನ್ನು ಕೇಳದವರು ಇಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. "ಸಾವಿರ ಗಂಡಸರಿಗೆ ಕರ್ನಾಟಕದಲ್ಲಿ ಹೆಂಗಸರೆಷ್ಟು, ಮಂಡ್ಯ ಜಿಲ್ಲೆಯಲ್ಲಿ ಎಷ್ಟು? ಎರಡು ಕಂಬ ಎಳೀರಿ." ಹೆಚ್ಚುಕಮ್ಮಿ ಎಲ್ಲರ ಹಾಳೆಯಲ್ಲೂ ಮಂಡ್ಯದ ಕಂಬವೇ ಗಿಡ್ಡ. ಕೆಲವರು 800ಕ್ಕೇ ನಿಲ್ಲಿಸಿರುತ್ತಾರೆ.

ಆಮೇಲೆ ಬೋರ್ಡಿನ ಮೇಲೆ 2011ರ ಜನಗಣತಿಯ ಅಂಕಿ ಬರೆಯುತ್ತೇನೆ. ಕರ್ನಾಟಕ 973. ಮಂಡ್ಯ 995.

ಪಾಠ ಶುರುವಾಗುವುದು ಇಲ್ಲಿ. ತಾವೇ ಎಳೆದ ಗೆರೆ ಸುಳ್ಳಾಯಿತಲ್ಲ, ಹಾಗಾಗಿ ಸುಮ್ನೆ ಬಿಡುವುದಿಲ್ಲ. ಸರ್ಕಾರದ ಲೆಕ್ಕವೇ ತಪ್ಪು ಅನ್ನುವವರು ಇರುತ್ತಾರೆ. ಹೆಂಗಸರು ಇಷ್ಟೊಂದು ಇದ್ದರೆ ಪಾದಯಾತ್ರೆ ಯಾಕೆ ಬೇಕಿತ್ತು ಅಂತ ಹಿಂದಿನ ಬೆಂಚಿನಿಂದಲೂ ಪ್ರಶ್ನೆ ಬರುತ್ತದೆ. ನಾನು ಉತ್ತರ ಕೊಡುವುದಿಲ್ಲ. ಆ 995 ಅನ್ನುವ ಕಂಬವನ್ನು ವಯಸ್ಸಿನ ಪ್ರಕಾರ ಒಡೆದು ನೋಡಿ ಅನ್ನುತ್ತೇನೆ. ವಯಸ್ಸಾದವರಲ್ಲಿ ಹೆಂಗಸರು ಜಾಸ್ತಿ, ಅಜ್ಜಿಯರು ಅಜ್ಜಂದಿರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಆರು ವರ್ಷದೊಳಗಿನ ಮಕ್ಕಳಿಗೆ ಬಂದರೆ ಅಂಕಿ 940ರ ಆಸುಪಾಸಿಗೆ ಇಳಿಯುತ್ತದೆ. ರಾಜ್ಯದ 948ಕ್ಕಿಂತ ಕಡಿಮೆ. ಇನ್ನೊಂದು ಅಂಕಿಯನ್ನೂ ಪಕ್ಕದಲ್ಲಿ ಇಡುತ್ತೇನೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ. 15ಕ್ಕೂ ಜಾಸ್ತಿ ಬೆಳೆಯಿತು. ಮಂಡ್ಯದ್ದು ಶೇ. 2.4ರಷ್ಟು ಮಾತ್ರ. ದುಡಿಯುವ ವಯಸ್ಸಿನವರು ಬೆಂಗಳೂರಿನ ಬಸ್ಸು ಹತ್ತಿದರೆ ಊರಲ್ಲಿ ಲೆಕ್ಕಕ್ಕೆ ಸಿಗುವವರು ಯಾರು? ಇಷ್ಟು ಕೇಳಿದರೆ ಸಾಕು, ಯಾರ ಮನೆಯಿಂದ ಯಾರು ಹೋಗಿದ್ದಾರೆ ಅಂತ ಪಟ್ಟಿ ತಾನೇ ಹೊರಬೀಳುತ್ತದೆ.

ಇಲ್ಲೊಂದು ಕಡೆ ಮಕ್ಕಳನ್ನು ತಡೆಯಬೇಕಾಗುತ್ತದೆ. ಹೆಣ್ಣು ಮಕ್ಕಳು ಕಡಿಮೆ, ಅದಕ್ಕೇ ಪಾದಯಾತ್ರೆ, ಅಂತ ಥಟ್ಟನೆ ತೀರ್ಪು ಕೊಟ್ಟುಬಿಡುತ್ತಾರೆ. ಪಾದಯಾತ್ರೆಗೆ ಹೋದವರು ಮೂವತ್ತರ ಆಸುಪಾಸಿನವರು. 2011ರಲ್ಲಿ ಆರು ವರ್ಷದೊಳಗೆ ಇದ್ದವರು ಅವರಲ್ಲ. ಆಗ ಆರು ವರ್ಷದೊಳಗೆ ಇದ್ದವರು ಈಗ ಯಾರು ಅಂತ ಲೆಕ್ಕ ಹಾಕಿ ನೋಡಿ ಅನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಯಾರಾದರೂ ಕಂಡುಹಿಡಿಯುತ್ತಾರೆ: "ಮೇಡಂ, ಅದು ನಾವೇ!"

ಹಾಗಾದರೆ ಆ ಮೂವತ್ತರವರಿಗೆ ಹೆಣ್ಣು ಯಾಕೆ ಸಿಗುತ್ತಿಲ್ಲ? ಇದಕ್ಕೆ ಚಾರ್ಟಿನಲ್ಲಿ ಉತ್ತರ ಇಲ್ಲ. ಮದ್ದೂರು ಕಡೆಯ ಹುಡುಗಿಯೊಬ್ಬಳು ಒಂದೇ ಮಾತಿನಲ್ಲಿ ಹೇಳಿದಳು: "ಹುಡ್ಗೀರು ಇದಾರೆ ಮೇಡಂ, ಗದ್ದೆ ಕೆಲ್ಸದೋರ್ನ ಒಪ್ಪಲ್ಲ ಅಷ್ಟೇ." ಓದಿದ ಹುಡುಗಿಗೆ ಏನು ಬೇಕು, ಎರಡು ಎಕರೆ ಕಬ್ಬಿನ ಗದ್ದೆಗೆ ಸಂಬಂಧ ನೋಡುವವರ ಕಣ್ಣಲ್ಲಿ ಈಗ ಎಷ್ಟು ಬೆಲೆ, ಜಾತಿಯೊಳಗೇ ಹುಡುಕಬೇಕು ಅಂದಾಗ ಹುಡುಕುವ ಜಾಗ ಎಷ್ಟು ಕಿರಿದಾಗುತ್ತದೆ? ಇದನ್ನೆಲ್ಲ ಜನರನ್ನು ಕೇಳಿಯೇ ತಿಳಿಯಬೇಕು. ಸಂದರ್ಶನ ಅನ್ನುವ ಪಾಠ ನಾನು ಈ ಪ್ರಶ್ನೆಯಿಂದಲೇ ಹಿಡಿಯುತ್ತೇನೆ. ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಇದೇ ದಾರಿಯಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ಅಧ್ಯಯನವನ್ನೂ ಹೇಳಬಹುದು. 1950ರ ದಶಕದಲ್ಲಿ ಅವರು ಮಂಡ್ಯದ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಒಣಭೂಮಿಯಾಗೇ ಉಳಿದಿತ್ತು. ಜನರ ಸಂಬಂಧ, ನಡವಳಿಕೆ ಯಾವ ಊರಲ್ಲಿ ಜಾಸ್ತಿ ಬದಲಾಗಿರಬೇಕು? ಎಲ್ಲರೂ ನೀರು ಬಂದ ಊರಿಗೇ ಉದ್ದ ಗೆರೆ ಎಳೆಯುತ್ತಾರೆ. ಎಪ್‌ಸ್ಟೈನ್ ಕಂಡದ್ದು ತಿರುಗುಮುರುಗು. ನೀರು ಬಂದ ಊರಲ್ಲಿ ದುಡ್ಡು ಬಂತು, ಆದರೆ ಬೇಸಾಯವೇ ಮುಂದುವರಿದು ಹಳೆಯ ಸಂಬಂಧಗಳೂ ಹಾಗೇ ಉಳಿದವು. ನೀರು ಸಿಗದವರು ವ್ಯಾಪಾರ, ನೌಕರಿ ಅಂತ ಊರಾಚೆ ಕೈ ಚಾಚಿದರು, ಅವರ ಬದುಕೇ ಹೆಚ್ಚು ಬದಲಾಯಿತು.

ಕಂಪ್ಯೂಟರ್ ಲ್ಯಾಬ್ ಇಲ್ಲ, ಇದೆಲ್ಲ ಹೇಗೆ ಮಾಡಿಸೋದು ಅಂತ ಕೇಳುವವರಿಗೆ ನಾನು ಅಮೆರಿಕದ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡುಬಾಯ್ಸ್ ಕಥೆ ಹೇಳುತ್ತೇನೆ. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅವರು ಅಟ್ಲಾಂಟಾ ವಿಶ್ವವಿದ್ಯಾಲಯದ ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ಸುಮಾರು 60 ಚಾರ್ಟ್ ತಯಾರಿಸಿದರು. ಎಲ್ಲವೂ ಕೈಯಲ್ಲೇ ಬರೆದು ಬಣ್ಣ ಹಚ್ಚಿದ್ದು. ಗುಲಾಮಗಿರಿ ಹೋಗಿ 35 ವರ್ಷದಲ್ಲಿ ಕಪ್ಪು ಜನರ ಓದು, ಭೂಮಿ, ಕಸುಬು ಎಲ್ಲಿಗೆ ಬಂದಿದೆ ಅಂತ ತೋರಿಸಿದ್ದರು. ನಮ್ಮ ಮಕ್ಕಳಿಗೆ ಸ್ಕೆಚ್ ಪೆನ್ ಆದರೂ ಇದೆ.

ಕಂಪ್ಯೂಟರ್ ಇದ್ದರೆ ಬೇರೆ ತಾಪತ್ರಯ. ಸಾಕ್ಷರತೆಯ ಎರಡು ಕಂಬ ಹಾಕಿ ನೋಡಿ: 2011ರಲ್ಲಿ ಮೈಸೂರು ಜಿಲ್ಲೆ ಶೇ. 72.79, ಮಂಡ್ಯ ಶೇ. 70.40. ಕಂಪ್ಯೂಟರ್ ತಾನಾಗೇ ಕಂಬವನ್ನು ಸೊನ್ನೆಯಿಂದ ಎಬ್ಬಿಸದೆ 70ರಿಂದ ಎಬ್ಬಿಸಿಬಿಟ್ಟರೆ ಮೈಸೂರಿನ ಕಂಬ ಮಂಡ್ಯದ್ದಕ್ಕಿಂತ ಏಳು ಪಟ್ಟು ಎತ್ತರ ಕಾಣುತ್ತದೆ. ಮೈಸೂರಿನವರಿಗೆ ಇದು ಸರಿಯಾಗೇ ಇದೆ ಅನ್ನಿಸಬಹುದು! ನಮ್ಮ ಕ್ಲಾಸಿನಲ್ಲಿ ಮಾತ್ರ ಗಲಾಟೆಯೋ ಗಲಾಟೆ.

ಒಂದು ವಿಷಯದಲ್ಲಿ ನಾನು ಗಟ್ಟಿ. ಸ್ವಂತ ಊರಿನ ಬೀದಿಗಳಿಗೆ ಜಾತಿವಾರು ಬಣ್ಣ ಹಚ್ಚಿ ನಕ್ಷೆ ಮಾಡಿ, ಗೋಡೆಗೆ ಅಂಟಿಸುವ ಪ್ರಾಜೆಕ್ಟ್ ಕೊಡುವುದಿಲ್ಲ. ಪುಸ್ತಕದಲ್ಲಿ ಚಂದ ಕಾಣುವ ಕೆಲಸ ಅದು. ಆದರೆ ಆ ನಕ್ಷೆಯ ಮುಂದೆ ನಿಲ್ಲುವ ಒಬ್ಬ ಹುಡುಗನ ಮನೆ ಯಾವ ಬಣ್ಣದಲ್ಲಿದೆ ಅಂತ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಅದರ ಬದಲು ಚಾರ್ಲ್ಸ್ ಬೂತ್ 1889ರಲ್ಲಿ ಪ್ರಕಟಿಸಿದ ಲಂಡನ್ನಿನ ಬಡತನದ ನಕ್ಷೆ ತೋರಿಸುತ್ತೇನೆ. ತೀರಾ ಬಡವರ ಬೀದಿಗೆ ಅಲ್ಲಿ ಕಪ್ಪು ಬಣ್ಣ, ಜೊತೆಗೆ ಅವರು ಕೆಟ್ಟವರು, ಅರೆ ಅಪರಾಧಿಗಳು ಅನ್ನುವ ವಿವರಣೆ. ಎಷ್ಟು ಬಡವರು ಅಂತ ಎಣಿಸಲು ಹೊರಟವರು ಎಂಥವರು ಅಂತ ಯಾಕೆ ಬರೆದರು? ಇದರ ಮೇಲೆ ಒಂದು ಪಿರಿಯಡ್ ಹೋದರೂ ನನಗೆ ಬೇಜಾರಿಲ್ಲ.

ಸಹೋದ್ಯೋಗಿಗಳು ಸಿಲೆಬಸ್ ಹೇಗೆ ಮುಗಿಸ್ತೀರಿ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ವ್ಯಾಖ್ಯೆಗಳನ್ನು ಡಿಕ್ಟೇಟ್ ಮಾಡುವ ಪಿರಿಯಡ್‌ಗಳನ್ನು ಕಡಿಮೆ ಮಾಡಿದ್ದೇನೆ, ಅವನ್ನು ಜೆರಾಕ್ಸ್ ಮಾಡಿ ಕೊಡುತ್ತೇನೆ. ಇಂಟರ್ನಲ್ ಅಸೈನ್‌ಮೆಂಟಿನಲ್ಲಿ ಚಾರ್ಟಿನ ಅಂದಕ್ಕೆ ಕಡಿಮೆ ಅಂಕ. ಚಾರ್ಟ್ ನೋಡಿದ ಮೇಲೂ ಉತ್ತರ ಸಿಗದ ಮೂರು ಪ್ರಶ್ನೆ ಅದರ ಕೆಳಗೆ ಬರೆದಿರಬೇಕು, ಜಾಸ್ತಿ ಅಂಕ ಅದಕ್ಕೆ.