ಎರಡು ಸೇರು ಕಲ್ಲುಪ್ಪು

"ನಿಧಿ ಏನಾದ್ರೂ ಸಿಕ್ತೇನಪ್ಪಾ?"

ಮಂಗಳವಾರ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅಮ್ಮ ಇದನ್ನು ಎಷ್ಟು ಸಲ ಕೇಳಿದಳೋ. ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಕೇಳುತ್ತಿದ್ದದ್ದು ಅಗೆಯುವವರನ್ನು, ಚುಚ್ಚುತ್ತಿದ್ದದ್ದು ನನ್ನನ್ನು.

ತೆಂಗಿನ ಮರ ಕಡಿಸಿ ಎಂಟು ತಿಂಗಳಾಗಿತ್ತು. ಪಕ್ಕದ ಮನೆಯವರ ಹೊಸ ಕಾರಿನ ಬಾನೆಟ್ ಮೇಲೆ ಒಂದು ಕಾಯಿ ಬಿದ್ದದ್ದೇ ನೆಪ. ಇಪ್ಪತ್ತು ವರ್ಷ ಅದೇ ಮರದ ಎಳನೀರು ಕುಡಿದವರು ಅವರು. ಅವರ ಮಗಳ ಮದುವೆಯ ಚಪ್ಪರಕ್ಕೆ ಗರಿ ಹೋದದ್ದೂ ಇಲ್ಲಿಂದಲೇ. ಕಾಯಿ ಬಿದ್ದ ದಿನ ಮಾತ್ರ, ನಾನೇ ಮರ ಹತ್ತಿ ಗುರಿಯಿಟ್ಟು ಎಸೆದೆನೇನೋ ಅನ್ನುವ ಮುಖ ಮಾಡಿಕೊಂಡು ಬಂದರು. ಗೇಟಿನ ಹತ್ತಿರ ನಿಂತುಕೊಂಡೇ ತೀರ್ಮಾನವಾಯಿತು. ಜಗಳ ನನಗೆ ಆಗಿಬರುವುದಿಲ್ಲ. ಅದನ್ನು ಒಳ್ಳೆಯತನ ಎಂದು ಬಹಳ ಕಾಲದಿಂದ ನಂಬಿಕೊಂಡಿದ್ದೇನೆ.

ಅಮ್ಮ ಆ ವಾರ ಹಾಸನದಲ್ಲಿ ಅಕ್ಕನ ಮನೆಯಲ್ಲಿದ್ದಳು. ಮೈಸೂರಿಗೆ ವಾಪಸು ಬಂದವಳು ಆಟೋ ಇಳಿದು, ಮೇಲೆ ನೋಡಿ, "ಬಿಸಿಲು ಚೆನ್ನಾಗಿ ಬೀಳುತ್ತೆ ಈಗ" ಅಂದು ಒಳಗೆ ಹೋದಳು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಉಳಿದದ್ದು ಮೊಣಕಾಲೆತ್ತರದ ಬೊಡ್ಡೆ. ಅದಕ್ಕೆ ಊರಿನವರೆಲ್ಲ ವೈದ್ಯರು. ಆ್ಯಸಿಡ್ ಸುರಿಯಿರಿ ಅಂದವರು ಒಬ್ಬರು, ಸೀಮೆಎಣ್ಣೆ ಹಾಕಿ ಸುಡಿ ಅಂದವರು ಇನ್ನೊಬ್ಬರು. ನಮ್ಮ ಭಾವ ಜೆಸಿಬಿ ಕರೆಸು ಅಂದ. ಮೂರೂ ಕಡೆ ಕಾಂಪೌಂಡ್ ಇರುವ 30×40 ಸೈಟಿನೊಳಗೆ ಜೆಸಿಬಿ ಹಾರಿ ಬರಬೇಕೇನೋ. ಭಾವ ಸಿವಿಲ್ ಎಂಜಿನಿಯರ್ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಾಗೇ ಇರಲಿ ಬಿಡು ಅಂತ ನಾನೂ ಸುಮ್ಮನಿದ್ದೆ. ಕಡಿದ ತೆಂಗು ಚಿಗುರುವುದಿಲ್ಲವಲ್ಲ. ನುಗ್ಗೆಯಾದರೆ ಕಡಿದಷ್ಟೂ ಚಿಗುರುತ್ತದೆ. ತೆಂಗಿಗೆ ಇರುವುದು ತುದಿಯ ಒಂದೇ ಒಂದು ಸುಳಿ, ಅದು ಹೋದರೆ ಮರವೇ ಹೋದಂತೆ.

ಆದರೆ ಹಿಂದಿನ ಬೀದಿಯ ಮೇಷ್ಟರು ಹೋದ ವಾರ ಒಂದು ಗರಿ ಹಿಡಿದುಕೊಂಡೇ ಬಂದರು. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಎರಡೂ ಬದಿ ಮೊಟಕಾಗಿತ್ತು. ಮೂತಿಯ ಮೇಲೆ ಕೊಂಬಿರುವ ಕಪ್ಪು ದುಂಬಿಯ ಕೆಲಸ ಅದು. ಸುಳಿಯೊಳಗೆ ಮಡಚಿಕೊಂಡಿರುವಾಗಲೇ ಗರಿಯನ್ನು ಕೊರೆದಿರುತ್ತದೆ, ಗರಿ ಬಿಚ್ಚಿಕೊಂಡ ಮೇಲೆ ಹೀಗೆ ಕಾಣುತ್ತದೆ. ತಿಪ್ಪೆಯಲ್ಲಿ, ಕೊಳೆಯುವ ತೆಂಗಿನ ಬೊಡ್ಡೆಯಲ್ಲಿ ಮೊಟ್ಟೆಯಿಡುತ್ತದೆ. ಮೇಷ್ಟರು ನಮ್ಮ ಬೊಡ್ಡೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಮಾತು ಬೇಕಿರಲಿಲ್ಲ.

ಹಾಗೆ ಬೊಡ್ಡೆ ಅಗೆಯಲು ಬಂದವರು ಒಬ್ಬ ಹಿರಿಯರು ಮತ್ತು ಅವರ ಅಳಿಯ. ಹಾರೆ, ಪಿಕಾಸಿ, ಕೊಡಲಿ, ಒಂದು ಬಾಂಡ್ಲಿ. ಮೂರೂವರೆ ಸಾವಿರ ಅಂದರು. ಒಂದು ಬೊಡ್ಡೆಗೆ ಅಷ್ಟೊಂದಾ ಅಂದೆ. ಹಿರಿಯರು ಹಾರೆಯನ್ನು ನನ್ನ ಕಡೆಗೆ ಚಾಚಿದರು, ನಗದೆ. ಒಪ್ಪಿಕೊಂಡೆ.

ತೆಂಗಿಗೆ ತಾಯಿಬೇರು ಇಲ್ಲ. ಅದನ್ನು ಪುಸ್ತಕದಲ್ಲಿ ಓದಿದ್ದರಿಂದ, ಸುಲಭವಾಗಿ ಬಂದುಬಿಡುತ್ತದೆ ಎಂದುಕೊಂಡಿದ್ದೆ. ತಾಯಿಬೇರಿನ ಬದಲು ಬೆರಳು ಗಾತ್ರದ ಸಾವಿರಾರು ಬೇರು ಸುತ್ತಲೂ ಹೋಗಿರುತ್ತವೆ, ಎಷ್ಟು ವರ್ಷವಾದರೂ ಅಷ್ಟೇ ಗಾತ್ರ. ಒಂದನ್ನು ಕಡಿದರೆ ಇನ್ನೊಂದು ಕಾದಿರುತ್ತದೆ. ಕೊಡಲಿ ನಾರಿಗೆ ಸಿಕ್ಕಿಕೊಳ್ಳುತ್ತಿತ್ತು. ಬೊಡ್ಡೆಯ ತಲೆ ಸೀಳಿದಾಗ ಮಗಳು ಉಂಗುರ ಎಣಿಸಲು ಓಡಿ ಬಂದಳು. ತೆಂಗಿಗೆ ಉಂಗುರವೂ ಇಲ್ಲ. ಸಿಕ್ಕಿದ್ದು ಹೆಬ್ಬೆರಳು ದಪ್ಪದ ಬಿಳಿ ಹುಳುಗಳು, ಒಂಬತ್ತು. ಕಿರುಚಿಕೊಂಡು ಒಳಗೆ ಹೋದಳು.

"ನಿಧಿ ಸಿಕ್ತೇನಪ್ಪಾ?"

ನಾನು ಪ್ರತಿ ಸಲವೂ, "ನಿಧಿ ಎಲ್ಲಿಂದ ಬರಬೇಕಮ್ಮ, ಸುಮ್ನಿರು" ಅನ್ನುತ್ತಿದ್ದೆ. ಹೊತ್ತು ಇಳಿಯುವಾಗ, ಸೊಂಟದವರೆಗಿನ ಗುಂಡಿಯೊಳಗಿಂದ ಹಿರಿಯರೇ ತಲೆ ಎತ್ತಿದರು.

"ಇಲ್ಲ ಕಣವ್ವ. ನೀವು ಹಾಕಿದ್ ಉಪ್ಪು ತಡಕ್ತಾ ಇದೀನಿ. ಎಷ್ಟ್ ಹಾಕಿದ್ರಿ?"

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಎರಡು ಸೇರು ಕಲ್ಲುಪ್ಪು. ಮೇಲೆ ಎರಡು ಬಾಂಡ್ಲಿ ಮರಳು."

ಆತ ಬಗ್ಗಿ, ಕೆಂಪು ಮಣ್ಣಿನ ನಡುವಿನಿಂದ ಒಂದು ಹಿಡಿ ಬಿಳಿಚಿದ ಮರಳು ತೆಗೆದು ಅಂಗೈ ಚಾಚಿದರು. "ಮರಳು ಅದೆ. ಉಪ್ಪ ಮರ ತಿಂದ್ಬುಟ್ಟದೆ."

ಅಮ್ಮ ನಕ್ಕಳು. ಎಂಟು ತಿಂಗಳಲ್ಲಿ ಆ ಮರದ ವಿಷಯಕ್ಕೆ ಮೊದಲ ಸಲ. ಆಮೇಲೆ ಅವರಿಬ್ಬರದೇ ಮಾತು. ತಿಪಟೂರಿನ ಹತ್ತಿರದ ತವರಿನಿಂದ ಸಸಿಯನ್ನು ಕೆಂಪು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬಂದದ್ದು, ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಕೇಳಿದ್ದು, ಅಪ್ಪ ಗುಂಡಿಯನ್ನು ಎರಡೇ ಅಡಿ ತೋಡಿ ಸಾಕು ಅಂದದ್ದು, ಇವಳು ಸೆರಗು ಸಿಕ್ಕಿಸಿ ಮೂರನೆಯ ಅಡಿ ತೋಡಿದ್ದು. ತೆಂಗಿಗೆ ಕ್ಲೋರಿನ್ ಅಂಶ ಬೇಕು, ಉಪ್ಪಿನಲ್ಲಿ ಅದಿದೆ ಎಂದು ನಾನು ನಡುವೆ ಬಾಯಿ ಹಾಕಿದೆ. ಇಬ್ಬರೂ ನನ್ನನ್ನು ನೋಡಿ, ಮತ್ತೆ ಮಾತು ಮುಂದುವರಿಸಿದರು.

ಈ ವಾರವೆಲ್ಲ ನನ್ನ ತಲೆಯಲ್ಲಿ ತಿರುಗುತ್ತಿರುವುದು ಆ "ಎಷ್ಟ್ ಹಾಕಿದ್ರಿ". ನಮ್ಮ ಮನೆಯ ಪರಿಚಯವೇ ಇಲ್ಲದ ಮನುಷ್ಯ. ಹಾಕಿದವರು ಇವರೇ ಎಂದು ಅವರಿಗೆ ಹೇಗೆ ತಿಳಿಯಿತು? ಬೆಳಗ್ಗೆಯಿಂದ ಅದೇ ಪ್ರಶ್ನೆ ಕೇಳುವ ಮುದುಕಿಯ ದನಿಯನ್ನು ಕೇಳಿಸಿಕೊಂಡಿದ್ದರು, ಅಷ್ಟೇ ಇರಬೇಕು. ನಾನು ಮರ ಕಡಿಸುವ ಮೊದಲು ಪಕ್ಕದ ಮನೆಯವರನ್ನು ಕೇಳಿದೆ, ಮರ ಹತ್ತುವವನನ್ನು ಕೇಳಿದೆ, ವಿದ್ಯುತ್ ತಂತಿಗೆ ತಾಗುತ್ತದೋ ಎಂದು ಲೈನ್‌ಮನ್ನನ್ನೂ ಕೇಳಿದೆ. ಹಾಸನಕ್ಕೆ ಒಂದು ಫೋನ್ ಮಾಡಲು ಎಷ್ಟು ಹೊತ್ತು ಬೇಕಿತ್ತು? ಬೇಡ ಅಂದಾಳು ಅಂತಲೇ ಮಾಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಈ ಮನೆಯಲ್ಲಿ ಅಮ್ಮನಿಗೆ ಗೊತ್ತಾಗುವ ಸಂಗತಿಗಳೆಲ್ಲ ಮುಗಿದುಹೋದ ಮೇಲೆಯೇ ಗೊತ್ತಾಗುತ್ತವೆ. ಅವಳ ಬ್ಯಾಂಕ್ ಖಾತೆ ಬದಲಾದದ್ದೂ ಹಾಗೆಯೇ, ಹಳೆಯ ಬೀರು ಮಾರಿದ್ದೂ ಹಾಗೆಯೇ. ಇದನ್ನು ನಾನು 'ಅಮ್ಮನಿಗೆ ತೊಂದರೆ ಬೇಡ' ಎಂಬ ಹೆಸರಿನಲ್ಲಿ ಮಾಡುತ್ತಾ ಬಂದಿದ್ದೇನೆ.

ಹೊರಡುವಾಗ ಹಿರಿಯರು ಅಮ್ಮನಿಗೆ ಹೇಳಿ ಹೊರಟರು, ದುಡ್ಡು ಕೊಟ್ಟ ನನಗಲ್ಲ.

ಬೊಡ್ಡೆಯನ್ನು ಗೇಟಿನಾಚೆ ಉರುಳಿಸಿಟ್ಟಿದ್ದಾರೆ. ಸೀಳಿ, ಒಣಗಿಸಿ, ಸುಟ್ಟುಬಿಡಿ, ಇಲ್ಲದಿದ್ದರೆ ಮತ್ತೆ ಹುಳು ಎಂದಿದ್ದಾರೆ. ನನ್ನ ಕೈಯಲ್ಲಿ ಅದು ಅಲುಗಲೂ ಇಲ್ಲ. ನಿನ್ನೆ ಕಸದ ಆಟೋದವನು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಇದು ಹಸಿ ಕಸನಾ, ಒಣ ಕಸನಾ ಸಾರ್?" ಎಂದು ಕೇಳಿ ಹೋದ. ಪಕ್ಕದ ಮನೆಯವರ ಕಾರು ನಿಲ್ಲುತ್ತಿದ್ದ ಜಾಗ ಅದು. ಮೂರು ದಿನದಿಂದ ಕಾರು ಎದುರುಗಡೆ ಬಿಸಿಲಿನಲ್ಲಿ ನಿಂತಿದೆ. ಅಮ್ಮ ಕುರ್ಚಿಯನ್ನು ಇನ್ನೂ ಒಳಗೆ ತೆಗೆದುಕೊಂಡು ಹೋಗಲು ಬಿಟ್ಟಿಲ್ಲ.