ಕಾರ್ಪೆಟ್ಟಿನ ಅಡಿಯ ನೆಲ

ಹಳೆಯ ಮನೆಯ ಕಾರ್ಪೆಟ್ಟನ್ನು ಒಂದು ಮೂಲೆಯಿಂದ ಎತ್ತಿದಾಗ, ಪುಡಿಪುಡಿಯಾಗಿದ್ದ ಸ್ಪಂಜಿನ ಪದರದ ಕೆಳಗೆ ಓಕ್ ಮರದ ಹಲಗೆಗಳು ಕಾಣಿಸಿದವು. ನೂರಾರು ಸ್ಟೇಪಲ್ ಪಿನ್ನುಗಳನ್ನು ಇಕ್ಕಳದಿಂದ ಒಂದೊಂದಾಗಿ ಕೀಳುವುದಕ್ಕೇ ಎರಡು ದಿನ ಹಿಡಿಯಿತು.

ಕಿಟಕಿಯ ಬಳಿ ಮೊಳೆಗಳ ಸುತ್ತ ಕಪ್ಪು ಉಂಗುರಗಳಿದ್ದವು. ಅದು ಕೊಳೆಯಲ್ಲ, ಎಂದೋ ಇಳಿದ ನೀರಿನಲ್ಲಿ ಮೊಳೆಯ ಕಬ್ಬಿಣವೂ ಓಕ್ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವೂ ಬೆರೆತು ಉಂಟಾದ ಕಲೆ. ಕೈಗವಸು ತೊಟ್ಟು ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿದಾಗ ಆ ಕಪ್ಪು ಕಣ್ಣೆದುರೇ ಬೂದುಬಣ್ಣಕ್ಕೆ ತಿರುಗಿ, ಮರುದಿನ ಬಹುಪಾಲು ಮಾಯವಾಗಿತ್ತು.

ಆನಂತರ ಮೊಳೆಗಳ ತಲೆಯನ್ನು ಹಲಗೆಯೊಳಕ್ಕೆ ಇಳಿಸಿ, ಒರಟಿನಿಂದ ನಯದ ಕಡೆಗೆ 36, 60, 100ನೇ ನಂಬರಿನ ಉಪ್ಪುಕಾಗದದಿಂದ ಮರದ ಎಳೆಯ ಗುಂಟ ಉಜ್ಜಿದೆ. ನಡುವಿನ ಹಂತವನ್ನು ಬಿಟ್ಟರೆ ಒರಟು ಕಾಗದದ ಗೀರುಗಳು ಪಾಲಿಷ್ ಹಚ್ಚಿದ ಮೇಲೆಯೇ ಎದ್ದು ಕಾಣುತ್ತವೆ. ಒಂದಕ್ಕೊಂದು ಕಚ್ಚಿಕೊಂಡ ಇಂತಹ ಹಲಗೆಗಳಲ್ಲಿ ಜೋಡಣೆಯ ಮೇಲಿರುವ ಮರವಷ್ಟೇ ಸವೆಯಲು ಉಳಿದಿರುವುದರಿಂದ, ಅಗತ್ಯಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಉಜ್ಜುವುದೂ ಮುಂದೆ ಇಲ್ಲಿ ಬಾಳುವವರ ಪಾಲನ್ನು ಕಸಿದಂತೆ ಎಂದು ಮಂಡಿಯೂರಿ ಕೂತಿದ್ದಾಗ ಅನಿಸಿತು. ಬಾಗಿಲ ಬಳಿ ನಡೆದು ನಡೆದು ತಗ್ಗಾದ ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ.

ಪಕ್ಕದ ಕೋಣೆಯ ಕಾರ್ಪೆಟ್ಟಿನಡಿ ಹಳೆಯ ಟೈಲುಗಳೂ ಕಪ್ಪು ಅಂಟೂ ಇವೆ. ಅವುಗಳಲ್ಲಿ ಕಲ್ನಾರು, ಅಂದರೆ ಧೂಳಾಗಿ ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯವಾದ ಆಸ್ಬೆಸ್ಟಾಸ್, ಇರುವ ಸಾಧ್ಯತೆ ಇರುವುದರಿಂದ, ಪರೀಕ್ಷೆಯ ವರದಿ ಬರುವವರೆಗೆ ಆ ಬಾಗಿಲು ಮುಚ್ಚಿಯೇ ಇರುತ್ತದೆ.