ಚಿಕ್ಕಪ್ಪನ ರಿಪೋರ್ಟ್ ಬಂದ ದಿನ

ಮೊನ್ನೆ ಚಿಕ್ಕಪ್ಪನ್ನ ಬೆಂಗಳೂರಿಗೆ ಚೆಕಪ್‌ಗೆ ಕರ್ಕೊಂಡು ಹೋಗಿದ್ದೆ. ಅವ್ರಿಗೆ ಸಿಎಂಎಲ್, ಅಂದ್ರೆ ನಿಧಾನವಾಗಿ ಏರೋ ಒಂಥರಾ ಬ್ಲಡ್ ಕ್ಯಾನ್ಸರ್. ಹೋದ್ವರ್ಷ ಹೊಟ್ಟೆ ಎಡಗಡೆ ಭಾರ ಭಾರ ಅಂತಿದ್ರು, ರಕ್ತ ಟೆಸ್ಟ್ ಮಾಡ್ಸಿದ್ರೆ ಬಿಳಿ ರಕ್ತಕಣ ಲಕ್ಷ ದಾಟಿತ್ತು. ಆವತ್ತಿಂದ ದಿನಾ ರಾತ್ರಿ ಊಟ ಆದ್ಮೇಲೆ ದೊಡ್ಡ ಲೋಟ ನೀರಲ್ಲಿ 400 ಮಿಲಿಗ್ರಾಂ ಇಮ್ಯಾಟಿನಿಬ್ ಮಾತ್ರೆ.

ಕ್ಯೂನಲ್ಲಿ ಕೂತಾಗ ಮೆಲ್ಲಗೆ ಕೇಳಿದ್ರು, "ಈಗ ಆರಾಮಾಗೇ ಇದೀನಲ್ಲೋ, ಮಾತ್ರೆ ಬಿಟ್ರೆ ಆಗಲ್ವಾ? ಬೆಳಿಗ್ಗೆ ಎದ್ರೆ ಕಣ್ಣ ರೆಪ್ಪೆ ಊದಿರುತ್ತೆ, ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ."

ನಾನು ಬಯೋಕೆಮಿಸ್ಟ್ರಿ ಓದಿದೋನು, ಸುಮ್ನೆ ಬೇಡ ಅನ್ನೋಕೆ ಮನಸ್ಸಾಗ್ಲಿಲ್ಲ, ಕೈನೇಸ್ ಅನ್ನೋ ಕಿಣ್ವದಿಂದಲೇ ಶುರು ಮಾಡ್ದೆ. ನಮ್ಮ ಮೈಯಲ್ಲಿ ಇಂಥವು 500ಕ್ಕೂ ಜಾಸ್ತಿ ಇವೆ, ಜೀವಕೋಶಕ್ಕೆ ಶಕ್ತಿ ಕೊಡೋ ಎಟಿಪಿ ಅನ್ನೋ ಅಣುವಿಂದ ಒಂದು ಫಾಸ್ಫೇಟ್ ಕಿತ್ತು ಪ್ರೋಟೀನಿಗೆ ಅಂಟಿಸ್ತವೆ, ಅದು ಅಂಟಿದ್ರೆ ಎಷ್ಟೋ ಪ್ರೋಟೀನ್ ಕೆಲಸ ಶುರು ಮಾಡುತ್ತೆ, ಕೆಲವು ನಿಲ್ಲುತ್ತೆ. ಇವ್ರಲ್ಲಿ ಆಗಿದ್ದೇನಂದ್ರೆ 9ನೇ ಮತ್ತು 22ನೇ ಕ್ರೋಮೋಸೋಮಿನ ತುಂಡು ಅದಲುಬದಲಾಗಿ ಬಿಸಿಆರ್-ಎಬಿಎಲ್ ಅನ್ನೋ ಹೊಸ ಕೈನೇಸ್ ಹುಟ್ಟಿದೆ, ಅದಕ್ಕೆ ನಿಲ್ಲೋದೇ ಗೊತ್ತಿಲ್ಲ. "ಬೋರ್‌ವೆಲ್ ಸ್ಟಾರ್ಟರ್ ಸಿಕ್ಕಾಕ್ಕೊಂಡ್ರೆ ಮೋಟ್ರು ಓಡ್ತಾನೇ ಇರುತ್ತಲ್ಲ ಚಿಕ್ಕಪ್ಪ, ಹಂಗೆ ರಕ್ತಕಣ ಹುಟ್ತಾನೇ ಇರ್ತವೆ" ಅಂದೆ. ಇಮ್ಯಾಟಿನಿಬ್ ಹೋಗಿ ಎಟಿಪಿ ಕೂರೋ ಜಾಗದಲ್ಲೇ ಕೂತ್ಕೊಳ್ಳುತ್ತೆ, ಆಮೇಲೆ ಅಂಟಿಸೋಕೆ ಫಾಸ್ಫೇಟೇ ಸಿಗಲ್ಲ. ಆದ್ರೆ ಆ ಕೈನೇಸ್ ಹುಟ್ಟಿಸೋ ಕೆಟ್ಟ ಜೀನ್ ಅಳಿಸಿಹೋಗಲ್ಲ, ಮಾತ್ರೆ ಬಿಟ್ರೆ ಜಾಗ ಮತ್ತೆ ಖಾಲಿ. ಇದನ್ನ ಕೇಳಿ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ ರೋಗ ಅಲ್ಲೇ ಐತೆ, ಕಾವಲು ಕೂರ್ಸಿದೀವಿ" ಅಂದ್ರು. ನನಗಿಂತ ಚೆನ್ನಾಗಿ ಹೇಳಿದ್ರು ಅನ್ನಿಸ್ತು.

2001ರಲ್ಲಿ ಅಮೆರಿಕದಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು, ಅದಕ್ಕೆ ಮೊದ್ಲು ಸಿಎಂಎಲ್ ಅಂದ್ರೆ ಇಂಟರ್‌ಫೆರಾನ್ ಇಲ್ಲಾ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್. 2013ರ ಏಪ್ರಿಲ್ 1ಕ್ಕೆ ನಮ್ಮ ಸುಪ್ರೀಂ ಕೋರ್ಟ್ ಈ ಔಷಧಿಯ ಮೂಲ ಕಂಪನಿ ನೊವಾರ್ಟಿಸ್‌ಗೆ ಪೇಟೆಂಟ್ ಕೊಡಲ್ಲ ಅಂದಿದ್ರಿಂದ ಬೇರೆ ಕಂಪನಿಗಳ ಅಗ್ಗದ ಜೆನೆರಿಕ್ ಮಾತ್ರೆ ಉಳೀತು, ಇಲ್ದಿದ್ರೆ ನಮ್ಮಂಥ ಮನೆಯವ್ರು ಪ್ರತಿ ತಿಂಗಳು ಎಲ್ಲಿಂದ ದುಡ್ಡು ತರೋದು. ಆ ತೀರ್ಪಿನ ಋಣ ನಮ್ಮ ಮೇಲಿದೆ ಅಂತ ನಾನು ನಿಜವಾಗ್ಲೂ ನಂಬ್ತೀನಿ.

ಡಾಕ್ಟ್ರು ರಿಪೋರ್ಟ್ ತೋರ್ಸಿದ್ರು, ರಕ್ತದಲ್ಲಿ ಆ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಅನ್ನೋ ಲೆಕ್ಕ 0.08%. 0.1%ಗಿಂತ ಕೆಳಗಿದ್ರೆ ಒಳ್ಳೇದು ಅಂತ ಗೊತ್ತಿದ್ರಿಂದ ನನಗೆ ಉಸಿರು ಬಂದಂಗಾಯ್ತು. ಚಿಕ್ಕಪ್ಪ ಅದೇ ಪ್ರಶ್ನೆ ಅವ್ರಿಗೂ ಕೇಳಿದ್ರು. ಹಲವು ವರ್ಷ ಇದಕ್ಕಿಂತ್ಲೂ ತುಂಬಾ ಕಮ್ಮಿ ಉಳಿದ್ರೆ ಆಗ ನಿಲ್ಸಿ ನೋಡ್ಬಹುದು, ಪದೇಪದೇ ಟೆಸ್ಟ್ ಮಾಡ್ಸ್ತಾ, ಈಗಂತೂ ಬೇಡ ಅಂದ್ರು. ಕಾಲು ಹಿಡ್ಕೊಳ್ಳೋದಕ್ಕೆ ಕ್ಯಾಲ್ಸಿಯಂ ಬರ್ದ್ರು.

ಮೆಡಿಕಲ್ ಶಾಪಲ್ಲಿ ಮೂರು ತಿಂಗಳ ಮಾತ್ರೆ ಒಟ್ಟಿಗೆ ತಗೊಂಡ್ವಿ. ಮುಂದಿನ ವಾರ ಊರ ಜಾತ್ರೆ, ಆ ಗಲಾಟೇಲಿ ಮಾತ್ರೆ ತಪ್ಪಿಸ್ಬೇಡಿ ಅಂತ ಚಿಕ್ಕಮ್ಮಂಗೆ ಅಲ್ಲಿಂದ್ಲೇ ಫೋನ್ ಮಾಡ್ದೆ.